ಐದು ಮತದ ದಾದಾಭಾಯಿ ಮತ್ತು ಗೆಲ್ಲುವ ಕುದುರೆಯ ಲೆಕ್ಕ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಯಾರನ್ನೇ ನಿಲ್ಲಿಸಿ ದಾದಾಭಾಯಿ ನೌರೋಜಿ ಯಾರು ಅಂತ ಕೇಳಿ. ಒಂದು ಮಾರ್ಕಿನ ಉತ್ತರ ತಟ್ಟನೆ ಬರುತ್ತದೆ: ಸಂಪತ್ತಿನ ಸೋರಿಕೆ ಸಿದ್ಧಾಂತ. ಎರಡು ಮಾರ್ಕಿಗೆ ಕೇಳಿದರೆ, ಬ್ರಿಟಿಷ್ ಪಾರ್ಲಿಮೆಂಟಿಗೆ ಆರಿಸಿ ಬಂದ ಭಾರತೀಯ ಅನ್ನೋದೂ ಸೇರುತ್ತದೆ. ಅಲ್ಲಿಗೆ ಮನುಷ್ಯ ಮುಗಿದ. ಬಿಳಿ ಗಡ್ಡದ ಒಂದು ಫೋಟೋ, ಕೆಳಗೆ ಎರಡು ಇಸವಿ.

ಎಂಜಿನಿಯರಿಂಗ್ ಓದಿದವನಾದ್ದರಿಂದ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಬೇರೆ ಇಸವಿಯಲ್ಲ, ಬೇರೆ ಸಂಖ್ಯೆ. 2,961 ಮತ್ತು 2,956. 1892ರ ಜುಲೈನಲ್ಲಿ ಲಂಡನ್ನಿನ ಸೆಂಟ್ರಲ್ ಫಿನ್ಸ್‌ಬರಿ ಕ್ಷೇತ್ರದಲ್ಲಿ ಇಬ್ಬರು ಅಭ್ಯರ್ಥಿಗಳಿಗೆ ಬಿದ್ದ ಮತಗಳು ಇವು. ಒಟ್ಟು 5,917. ಅಂತರ 5. ಶೇಕಡಾ ಲೆಕ್ಕದಲ್ಲಿ 0.1ಕ್ಕಿಂತಲೂ ಕಡಿಮೆ. ಮೂರೇ ಮೂರು ಜನ ಬೆಳಿಗ್ಗೆ ಎದ್ದು ಮನಸ್ಸು ಬದಲಿಸಿದ್ದರೆ ಫಲಿತಾಂಶ ತಿರುಗಿಬಿಡುತ್ತಿತ್ತು. ಆ ಮೂರು ಜನ ಬದಲಿಸಲಿಲ್ಲ. ಆದರೆ ಆ ಹಂತ ಮುಟ್ಟುವ ಮೊದಲು ನಾಲ್ಕು ವರ್ಷ ನಡೆದ ಚರ್ಚೆ ಅಭ್ಯರ್ಥಿ ಏನು ಹೇಳುತ್ತಾನೆ ಎಂಬುದರ ಸುತ್ತ ಕಡಿಮೆ, ಅವನ ಚರ್ಮದ ಬಣ್ಣ ಯಾವುದು ಎಂಬುದರ ಸುತ್ತ ಜಾಸ್ತಿ ನಡೆಯಿತು. ಆ ಚರ್ಚೆಯ ಭಾಷೆ ನಮಗೆ ಚೆನ್ನಾಗಿ ಗೊತ್ತಿರುವ ಭಾಷೆಯೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮನುಷ್ಯನನ್ನು ನೋಡೋಣ.

1825ರ ಸೆಪ್ಟೆಂಬರ್ 4ರಂದು ಹುಟ್ಟಿದ ದಾದಾಭಾಯಿಯದು ಬಡ ಪಾರ್ಸಿ ಪುರೋಹಿತರ ಮನೆತನ. ನಾಲ್ಕನೇ ವಯಸ್ಸಿಗೇ ಅಪ್ಪ ತೀರಿಕೊಂಡರು. ಅವ್ವ ಮಾಣೆಕ್‌ಬಾಯಿಗೆ ಓದು ಬರಹ ಬರುತ್ತಿರಲಿಲ್ಲ. ಆಕೆ ಮಗನನ್ನು ಮುಂಬೈಯಲ್ಲಿ ಶಾಲೆಗೆ ಹಾಕಿದಳು, ಫೀಸು ಇಲ್ಲದ ಶಾಲೆ ಇತ್ತು ಅಂತ. ಫೀಸು ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ತಾನು ಓದಿದ್ದು ಬಡವರೂ ಕೊಟ್ಟ ತೆರಿಗೆಯ ದುಡ್ಡಿನಲ್ಲಿ, ಅದನ್ನು ತೀರಿಸಬೇಕು ಅನ್ನೋ ಭಾವನೆ ಆತನಿಗೆ ಕೊನೆಯತನಕ ಇತ್ತು. ಹನ್ನೊಂದನೇ ವಯಸ್ಸಿಗೆ ಮದುವೆ ಮಾಡಿದರು. ಹುಡುಗಿ ಗುಲ್‌ಬಾಯಿಗೆ ಏಳು ವರ್ಷ. ಆ ಕಾಲದ ರೂಢಿ.

ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, ಅಲ್ಲಿಯೇ ಗಣಿತ ಮತ್ತು ಭೌತಶಾಸ್ತ್ರ ಕಲಿಸುವ ಪ್ರೊಫೆಸರ್ ಆದರು. ಆ ಕಾಲೇಜಿನಲ್ಲಿ ಆ ಹುದ್ದೆಗೇರಿದ ಮೊದಲ ಭಾರತೀಯ ಅವರೇ. 1849ರಲ್ಲಿ ಗೆಳೆಯರ ಜೊತೆ ಸೇರಿ ಮುಂಬೈಯಲ್ಲಿ ಹೆಣ್ಣುಮಕ್ಕಳ ಶಾಲೆ ಶುರು ಮಾಡಿದರು. ಪುಣೆಯಲ್ಲಿ ಜ್ಯೋತಿಬಾ, ಸಾವಿತ್ರಿಬಾಯಿ ಶಾಲೆ ತೆರೆದು ಆಗಿನ್ನೂ ಒಂದು ವರ್ಷ. ಮನೆ ಮನೆಗೆ ಹೋಗಿ, ನಿಮ್ಮ ಮಗಳನ್ನು ಜಗಲಿಯ ಮೇಲೇ ಕೂಡಿಸಿ ಪಾಠ ಹೇಳಿಕೊಡುತ್ತೇವೆ ಅಂತ ಬೇಡಿಕೊಂಡರು. ಮೆಟ್ಟಿಲ ಮೇಲಿಂದ ಕೆಳಗೆ ತಳ್ಳುತ್ತೇವೆ ಅಂದ ಯಜಮಾನರೂ ಇದ್ದರು. 1851ರಲ್ಲಿ ರಾಸ್ತ್ ಗೋಫ್ತಾರ್ ಎಂಬ ಗುಜರಾತಿ ಪತ್ರಿಕೆ ಹೊರಡಿಸಿದರು. ಸತ್ಯ ನುಡಿಯುವವನು ಅಂತ ಅದರ ಅರ್ಥ. ಗಣಿತದ ಮೇಷ್ಟ್ರು ಪತ್ರಕರ್ತನಾದದ್ದು ಹೀಗೆ. ಈ ವಿಷಯದಲ್ಲಿ ನನಗೆ ಸ್ವಲ್ಪ ಸಲುಗೆ ಅನ್ನಿಸಿದರೆ ಓದುಗರು ಕ್ಷಮಿಸಬೇಕು.

1855ರಲ್ಲಿ ಕಾಲೇಜು ಬಿಟ್ಟು ಕಾಮಾ ಮನೆತನದವರ ವ್ಯಾಪಾರದ ಪಾಲುದಾರನಾಗಿ ಇಂಗ್ಲೆಂಡಿಗೆ ಹೋದರು. ಬ್ರಿಟನ್ನಿನಲ್ಲಿ ಭಾರತೀಯರು ತೆರೆದ ಮೊದಲ ಕಂಪನಿ ಅದು. ಮೂರು ವರ್ಷಕ್ಕೆ ಬಿಟ್ಟರು. ಅಫೀಮು, ಮದ್ಯದ ವ್ಯಾಪಾರದಿಂದ ಬರುವ ಲಾಭ ನನಗೆ ಬೇಡ ಅನ್ನೋದು ಕಾರಣ. ಆಮೇಲೆ ತಮ್ಮದೇ ಹತ್ತಿ ವ್ಯಾಪಾರ. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತುಹೋಗಿ, ಮುಂಬೈ ಪ್ರಾಂತ್ಯದ ಹತ್ತಿಗೆ ಬಂಗಾರದ ಬೆಲೆ ಬಂದ ಕಾಲ ಅದು. ನಮ್ಮ ಧಾರವಾಡ ಸೀಮೆಯ ಹತ್ತಿಯೂ ಲಿವರ್‌ಪೂಲಿನ ಮಾರುಕಟ್ಟೆಯಲ್ಲಿ ಊರ ಹೆಸರಿನಿಂದಲೇ ಗುರುತಾಗುತ್ತಿತ್ತು. ಯುದ್ಧ ಮುಗಿದು ಬೆಲೆ ಬಿದ್ದಾಗ ಮುಂಬೈಯ ಎಷ್ಟೋ ಸಾಹುಕಾರರು ಒಟ್ಟಿಗೇ ಮುಳುಗಿದರು. ದಾದಾಭಾಯಿಯ ವ್ಯಾಪಾರವೂ ಮುಳುಗಿತು.

ಮುಳುಗದೆ ಉಳಿದದ್ದು ಲೆಕ್ಕ. ಹಡಗು ತುಂಬಿ ಹೋಗುವ ಮಾಲಿನ ಬೆಲೆ ಎಷ್ಟು, ತಿರುಗಿ ಬರುವ ಮಾಲು, ಬೆಳ್ಳಿ ಎಷ್ಟು ಎಂಬುದನ್ನು ವ್ಯಾಪಾರಿಯಾಗಿ ಕಣ್ಣಾರೆ ಕಂಡವರು ಅವರು. ಎರಡೂ ಕೂಡುತ್ತಿರಲಿಲ್ಲ. ಭಾರತದಿಂದ ಹೋಗುವುದು ಜಾಸ್ತಿ, ಬರುವುದು ಕಡಿಮೆ, ವರ್ಷ ವರ್ಷವೂ. ಆ ವ್ಯತ್ಯಾಸ ಎಲ್ಲಿಗೆ ಹೋಗುತ್ತಿದೆ? ಇಂಗ್ಲಿಷ್ ಅಧಿಕಾರಿಗಳು ಊರಿಗೆ ಕಳಿಸುವ ಉಳಿತಾಯ, ನಿವೃತ್ತರಾಗಿ ಅಲ್ಲಿ ಕೂತು ಪಡೆಯುವ ಪಿಂಚಣಿ, ಲಂಡನ್ನಿನ ಇಂಡಿಯಾ ಆಫೀಸಿನ ಖರ್ಚು, ಸೈನ್ಯದ ಖರ್ಚು, ರೈಲಿನ ಬಂಡವಾಳಕ್ಕೆ ಸರ್ಕಾರವೇ ಖಾತರಿ ಕೊಟ್ಟ ಬಡ್ಡಿ. 1867ರಲ್ಲಿ ಲಂಡನ್ನಿನ ಈಸ್ಟ್ ಇಂಡಿಯಾ ಅಸೋಸಿಯೇಷನ್ನಿನಲ್ಲಿ ಈ ಮಾತನ್ನು ಮೊದಲು ಬಿಡಿಸಿಟ್ಟರು. 1870ರ ದಶಕದಲ್ಲಿ ಪ್ರಾಂತ್ಯವಾರು ಬೆಳೆ, ಬೆಲೆ, ಎಕರೆ ಕೂಡಿಸಿ, ಒಬ್ಬ ಭಾರತೀಯನ ಸರಾಸರಿ ವಾರ್ಷಿಕ ಆದಾಯ 20 ರೂಪಾಯಿ ಎಂದು ಲೆಕ್ಕ ಹಾಕಿದರು. ಆ ಮೇಲೆ ಮಾಡಿದ ಕೆಲಸ ನನ್ನ ಪ್ರಕಾರ ಅವರ ಜೀವನದ ಅತ್ಯಂತ ಚುರುಕಾದ ಕೆಲಸ. ಜೈಲಿನಲ್ಲಿ ಕೈದಿಯೊಬ್ಬನ ಊಟ ಬಟ್ಟೆಗೆ ಸರ್ಕಾರವೇ ಮಾಡುವ ಖರ್ಚನ್ನು ಸರ್ಕಾರದ್ದೇ ವರದಿಯಿಂದ ತೆಗೆದು ಪಕ್ಕದಲ್ಲಿಟ್ಟರು. ಕಳ್ಳನಿಗೆ ಸಿಗುವಷ್ಟು ಕೂಳು ದುಡಿಯುವ ರೈತನಿಗೆ ಸಿಗುತ್ತಿಲ್ಲ ಅಂತ ಆ ಎರಡು ಅಂಕಿಗಳೇ ಹೇಳಿದವು.

ಇಂಡಿಯಾದ ಬಡತನದ ಮೇಲಿನ ಆ ಪ್ರಬಂಧವನ್ನು ಮುಂಬೈಯಲ್ಲಿ ಓದಿದ್ದು 1876ರಲ್ಲಿ. ಅದೇ ವರ್ಷ ಮಳೆ ಕೈಕೊಟ್ಟು, 1878ರವರೆಗೆ ಎಳೆದ ಮಹಾ ಬರ ಧಾರವಾಡ, ವಿಜಯಪುರ, ಬಳ್ಳಾರಿ ಸೀಮೆಗಳನ್ನು ಗುಡಿಸಿಹಾಕಿತು. ಸೋರಿಕೆ ಸಿದ್ಧಾಂತ ಅಂದರೆ ನಮ್ಮ ಮುತ್ತಜ್ಜರ ಹೊಟ್ಟೆಯ ಲೆಕ್ಕ ಎಂದು ಸಪ್ತಾಪುರದ ಯಾವ ಗೈಡೂ ಬರೆದದ್ದನ್ನು ನಾನು ನೋಡಿಲ್ಲ.

1874ರಲ್ಲಿ ಬರೋಡಾದ ದಿವಾನಗಿರಿ, ವರ್ಷ ತುಂಬುವುದರೊಳಗೆ ರಾಜೀನಾಮೆ. ಆಮೇಲೆ ಮುಂಬೈ ಮುನ್ಸಿಪಾಲಿಟಿ, 1885ರಲ್ಲಿ ಮುಂಬೈ ಶಾಸನ ಪರಿಷತ್ತು, ಅದೇ ಡಿಸೆಂಬರಿನಲ್ಲಿ ಕಾಂಗ್ರೆಸ್ ಸ್ಥಾಪನೆ. ಇವನ್ನೆಲ್ಲ ಬೇಗ ದಾಟೋಣ. ದಾದಾಭಾಯಿಗೆ ಹೊಳೆದದ್ದು ಇಷ್ಟು: ಇಂಡಿಯಾದ ಬಜೆಟ್ಟು, ಪರೀಕ್ಷೆ, ಸೈನ್ಯ ಎಲ್ಲ ತೀರ್ಮಾನವಾಗುವುದು ಲಂಡನ್ನಿನಲ್ಲಿ. ಅರ್ಜಿ ಬರೆದು ಬರೆದು ಸಾಕಾಯಿತು. ಅರ್ಜಿ ಓದುವ ಸಭೆಯಲ್ಲೇ ಒಂದು ಕುರ್ಚಿ ಬೇಕು. ಅವರಿಗಿಂತ ಮೊದಲು 1885ರಲ್ಲಿ ಬಂಗಾಳದ ಲಾಲಮೋಹನ ಘೋಷ್ ಡೆಪ್ಟ್‌ಫರ್ಡ್‌ನಲ್ಲಿ ನಿಂತು ಸೋತಿದ್ದರು.

1886ರಲ್ಲಿ ಅರವತ್ತು ವಯಸ್ಸಿನ ದಾದಾಭಾಯಿ ಲಿಬರಲ್ ಪಕ್ಷದಿಂದ ಹಾಲ್‌ಬರ್ನ್ ಕ್ಷೇತ್ರದಲ್ಲಿ ನಿಂತರು. ಹಿತೈಷಿಗಳು, ತಲೆಯ ಮೇಲಿನ ಪಾರ್ಸಿ ಪೇಟ ತೆಗೆದು ಇಂಗ್ಲಿಷ್ ಹ್ಯಾಟ್ ಹಾಕಿಕೊಂಡರೆ ಒಳ್ಳೆಯದು ಎಂದು ಸಲಹೆ ಕೊಟ್ಟರು. ಹಾಕಿಕೊಂಡರು. ಮತ ಬಂದದ್ದು 1,950. ಎದುರಾಳಿ ಕನ್ಸರ್ವೇಟಿವ್ ಪಕ್ಷದ ಕರ್ನಲ್ ಡಂಕನ್‌ಗೆ 3,651. ಹ್ಯಾಟ್ ಕೆಲಸ ಮಾಡಲಿಲ್ಲ.

ಎರಡು ವರ್ಷದ ನಂತರ ಡಂಕನ್ ತೀರಿಕೊಂಡರು, ಹಾಲ್‌ಬರ್ನ್‌ನಲ್ಲಿ ಉಪಚುನಾವಣೆ ಬಂತು. ದಾದಾಭಾಯಿ ಆ ಕಣದಲ್ಲಿರಲೇ ಇಲ್ಲ. ಕನ್ಸರ್ವೇಟಿವ್ ಪಕ್ಷ ಗೆದ್ದಿತು, ಆದರೆ ಅಂತರ ಇಳಿಯಿತು. ಯಾಕೆ ಇಳಿಯಿತು ಅಂತ ವಿವರಣೆ ಕೊಡಬೇಕಿದ್ದವರು ಪ್ರಧಾನಿ ಲಾರ್ಡ್ ಸಾಲಿಸ್‌ಬರಿ. 1888ರ ನವೆಂಬರ್ 30ರಂದು ಎಡಿನ್‌ಬರೋದ ಸಭೆಯಲ್ಲಿ ಅವರು ಕೊಟ್ಟ ವಿವರಣೆಯ ಸಾರ ಇಷ್ಟು: ಹೋದ ಸಲ ನಮ್ಮ ಅಂತರ ದೊಡ್ಡದಾಗಿತ್ತು, ಏಕೆಂದರೆ ಎದುರಿಗೆ ನಿಂತವನು ಕರಿಯ. ಮನುಕುಲ ಎಷ್ಟೇ ಮುಂದುವರಿದಿರಲಿ, ಇಂಗ್ಲಿಷ್ ಮತದಾರ ಕರಿಯನನ್ನು ಆರಿಸುವ ಮಟ್ಟಕ್ಕೆ ಇನ್ನೂ ಬಂದಿಲ್ಲ. ಸಭೆ ನಕ್ಕಿತು.

ಈ ಮಾತನ್ನು ನಾವು ಸಾಮಾನ್ಯವಾಗಿ ಬೈಗುಳದ ಪಟ್ಟಿಗೆ ಸೇರಿಸುತ್ತೇವೆ. ನನಗೆ ಹಾಗನ್ನಿಸುವುದಿಲ್ಲ. ಸಾಲಿಸ್‌ಬರಿ ಅವತ್ತು ಸಿಟ್ಟಿನಲ್ಲಿರಲಿಲ್ಲ, ತನ್ನ ಮನಸ್ಸಿನ ದ್ವೇಷ ಕಾರುತ್ತಿದ್ದೇನೆ ಅಂತಲೂ ಅಂದುಕೊಂಡಿರಲಿಲ್ಲ. ಅವರು ಮಾಡುತ್ತಿದ್ದದ್ದು ಚುನಾವಣಾ ವಿಶ್ಲೇಷಣೆ. ಇಷ್ಟು ಮತ ಹೆಚ್ಚು ಬಂತು, ಎದುರಾಳಿ ಇಂಥವನಾಗಿದ್ದ, ಆದ್ದರಿಂದ ಬಂತು. ನಾನಿರುವ ಲಕಮನಹಳ್ಳಿ ಹೆಸರಿಗಷ್ಟೇ ಹಳ್ಳಿ. ಸುತ್ತ ಕೈಗಾರಿಕಾ ಪ್ರದೇಶದ ಶೆಡ್ಡುಗಳು, ಮೇಲೆ ಮಹಾನಗರ ಪಾಲಿಕೆಯ ತೆರಿಗೆ. ಅವಧಿ ಮುಗಿದು ಎರಡು ವರ್ಷದ ಮೇಲೆ, 2021ರಲ್ಲಿ ಹುಬ್ಬಳ್ಳಿ-ಧಾರವಾಡ ಪಾಲಿಕೆಯ 82 ವಾರ್ಡುಗಳಿಗೆ ಕಡೆಗೂ ಚುನಾವಣೆ ಬಂದಾಗ, ಚಹಾದಂಗಡಿಯಲ್ಲಿ ನೀರು, ಗಟಾರದ ಮಾತಿಗಿಂತ ಮೊದಲು ಬಂದದ್ದು ಯಾವ ಓಣಿಯಲ್ಲಿ ಯಾರ ಮಂದಿ ಎಷ್ಟು ಅದಾರ ಅನ್ನೋ ಲೆಕ್ಕ. ಹಂಗ ಹೇಳುವವರು ಯಾರೂ ಜಾತಿವಾದಿಗಳಂತೆ ಕಾಣುವುದಿಲ್ಲ. ಅವರು ಬರೀ ಗಣಿತ ಹೇಳುತ್ತಿರುತ್ತಾರೆ. ನಾನೇನು ಮಾಡ್ಲಿ, ಮಂದಿ ಹಂಗ ಅದಾರ್ರೀ ಅಂತಾರೆ. ಸಾಲಿಸ್‌ಬರಿ ಅಂದದ್ದೂ ಅದನ್ನೇ. ತನ್ನ ಪೂರ್ವಗ್ರಹವನ್ನು ಮತದಾರನ ತಲೆಗೆ ಕಟ್ಟಿ, ತಾನು ಬರೀ ವರದಿಗಾರ ಎಂಬಂತೆ ನಿಲ್ಲುವ ಈ ಭಂಗಿ ಎಷ್ಟು ಸಲೀಸು ಅಂದರೆ, ಅದಕ್ಕೆ ಪ್ರಧಾನಿಯೇ ಆಗಬೇಕಿಲ್ಲ.

ಆಮೇಲೆ ಆದದ್ದು ಇನ್ನೂ ಸ್ವಾರಸ್ಯ. ಲಿಬರಲ್ ಪತ್ರಿಕೆಗಳು ಸಾಲಿಸ್‌ಬರಿ ಮೇಲೆ ಮುಗಿಬಿದ್ದವು. ಅಲ್ಲಿಯತನಕ ದಾದಾಭಾಯಿ ಹೆಸರೇ ಕೇಳದ ಹಳ್ಳಿಗಳಲ್ಲೂ ಆ ಹೆಸರು ಓಡಾಡಿತು. 1889ರ ಆರಂಭದಲ್ಲಿ ನ್ಯಾಷನಲ್ ಲಿಬರಲ್ ಕ್ಲಬ್ಬಿನಲ್ಲಿ ಅವರ ಗೌರವಕ್ಕೆ ಔತಣ ನಡೆಯಿತು. ಆದರೆ ಸಮರ್ಥನೆಗೆ ಹೊರಟವರು ಹೇಳಿದ್ದೇನು ನೋಡಿ. ದಾದಾಭಾಯಿ ಕಪ್ಪಗಿಲ್ಲ, ಬೆಳ್ಳಗಿದ್ದಾರೆ. ಸಾಲಿಸ್‌ಬರಿಯ ಮುಖಕ್ಕಿಂತ ಇವರ ಮುಖವೇ ತಿಳಿ ಬಣ್ಣ. ಪಾರ್ಸಿಗಳು ಪರ್ಷಿಯಾದಿಂದ ಬಂದವರು, ಪ್ರಾಚೀನ ನಾಗರಿಕತೆಯವರು, ಆಫ್ರಿಕಾದವರ ಜೊತೆ ಅವರನ್ನು ಸೇರಿಸುವುದೇ ಅನ್ಯಾಯ. ಇಂಡಿಯಾದಲ್ಲೂ ಎಷ್ಟೋ ಜನಕ್ಕೆ ನೋವಾದದ್ದು ಇದೇ ಕಾರಣಕ್ಕೆ. ಕರಿಯ ಎಂದು ಒಬ್ಬನನ್ನು ದೂರವಿಡುವುದು ತಪ್ಪು ಅನ್ನೋದು ಅವರ ವಾದವಾಗಿರಲಿಲ್ಲ, ಈ ಮನುಷ್ಯ ಕರಿಯನಲ್ಲ ಅನ್ನೋದಾಗಿತ್ತು. ತಕ್ಕಡಿ ಸರಿಯಿದೆ, ತೂಕದ ಕಲ್ಲು ಬದಲಿಸಿ ಅಂದಂತೆ. ನಾವು ಅಂಥವರಲ್ರೀ ಅಂತ ಹೇಳಿ ಪಾರಾಗುವ ಈ ದಾರಿಯನ್ನು ನಮ್ಮೂರಲ್ಲೂ ಬಹಳ ಜನ ಸವೆಸಿದ್ದಾರೆ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಬಾಡಿಗೆ ಮನೆಯೊಂದರ ಬಾಗಿಲಲ್ಲಿ ಅಡ್ಡಹೆಸರು ಕೇಳಿದವರಿಗೆ ಉತ್ತರ ಕೊಟ್ಟು, ಒಳಗೆ ಕರೆಸಿಕೊಂಡು ಕಾಫಿ ಕುಡಿದವನು ನಾನು. ನನ್ನ ಹಿಂದೆ ಬಂದ ಸಹೋದ್ಯೋಗಿಗೆ ಮನೆ ಆಗಲೇ ಹೋಗಿದೆ ಅಂದರು.

ದಾದಾಭಾಯಿ ಸ್ವತಃ ಯಾವ ದಾರಿ ಹಿಡಿದರು? ಇಲ್ಲಿಯೇ ಅವರ ಬಗ್ಗೆ ನನ್ನ ಗೌರವ ಹೆಚ್ಚಾದದ್ದು. ಸಾಲಿಸ್‌ಬರಿಯ ಮಾತು ಬಂದ ವರ್ಷವೇ, ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿ ಕ್ಯಾಥರಿನ್ ಇಂಪಿ ಎಂಬ ಕ್ವೇಕರ್ ಹೆಣ್ಣುಮಗಳು ಒಂದು ಸಣ್ಣ ಪತ್ರಿಕೆ ಶುರು ಮಾಡಿದ್ದಳು. ಅದರ ಹೆಸರು ಆಂಟಿ-ಕಾಸ್ಟ್. ಅಮೆರಿಕದ ಕಪ್ಪು ಜನರ ಮೇಲಿನ ದೌರ್ಜನ್ಯದ ಬಗ್ಗೆ ಬರೆಯಲು ಆಕೆ ಆರಿಸಿಕೊಂಡ ಶಬ್ದ ಜಾತಿ. ಆ ವಲಯದ ಜೊತೆ ದಾದಾಭಾಯಿ ಸಂಪರ್ಕ ಬೆಳೆಸಿದರು. ಅಮೆರಿಕದಲ್ಲಿ ಕಪ್ಪು ಜನರನ್ನು ಗುಂಪು ಕಟ್ಟಿ ಕೊಲ್ಲುವುದರ ವಿರುದ್ಧ ಹೋರಾಡುತ್ತಿದ್ದ ಪತ್ರಕರ್ತೆ ಐಡಾ ಬಿ. ವೆಲ್ಸ್ 1893, 1894ರಲ್ಲಿ ಬ್ರಿಟನ್ನಿಗೆ ಬಂದಾಗ ಆಕೆಯ ಪರ ನಿಂತವರಲ್ಲಿ ದಾದಾಭಾಯಿಯೂ ಒಬ್ಬರು. 1900ರಲ್ಲಿ ಲಂಡನ್ನಿನಲ್ಲಿ ನಡೆದ ಮೊದಲ ಪ್ಯಾನ್-ಆಫ್ರಿಕನ್ ಸಮ್ಮೇಳನಕ್ಕೆ ಹಣದ ನೆರವು ಕೊಟ್ಟರು. ನಾನು ಅಂಥವನಲ್ಲ ಅಂತ ಹೇಳಿ ಕೈ ತೊಳೆದುಕೊಳ್ಳುವ ಅವಕಾಶ ಅವರಿಗೆ ಧಾರಾಳವಾಗಿತ್ತು. ಮತದ ದೃಷ್ಟಿಯಿಂದ ಲಾಭವೂ ಅದರಲ್ಲೇ ಇತ್ತು.

ಈಗ ಟಿಕೆಟ್ಟಿನ ಕತೆ. ಸಾಲಿಸ್‌ಬರಿ ಎದುರು ಪಕ್ಷದವರು. ಒಳಗಿನವರು ಮಾಡಿದ್ದು ಬೇರೆಯೇನಲ್ಲ. 1888ರ ಬೇಸಿಗೆಯ ಕೊನೆಗೆ ಸೆಂಟ್ರಲ್ ಫಿನ್ಸ್‌ಬರಿಯ ಲಿಬರಲ್ ಸಂಘ ಕೆಲವೇ ಮತಗಳ ಅಂತರದಲ್ಲಿ ದಾದಾಭಾಯಿಯನ್ನು ಅಭ್ಯರ್ಥಿಯಾಗಿ ಆರಿಸಿತು. ಸೋತ ರಿಚರ್ಡ್ ಈವ್ ಕಡೆಯವರು ಆಯ್ಕೆಯೇ ಸರಿಯಿಲ್ಲ ಅಂತ ತಕರಾರು ಎಬ್ಬಿಸಿದರು. ಪಕ್ಷದ ಕೇಂದ್ರ ಸಂಘಟಕ ಶ್ನಾಡ್‌ಹಾರ್ಸ್ಟ್‌ಗೆ ಈ ಅಭ್ಯರ್ಥಿಯ ಮೇಲೆ ಉತ್ಸಾಹ ಇರಲಿಲ್ಲ. ತತ್ವದಲ್ಲಿ ತಪ್ಪಿಲ್ಲ, ಆದರೆ ಗೆಲ್ಲುವ ಕುದುರೆ ಅಲ್ಲವಲ್ಲ! ನಮ್ಮ ಪಕ್ಷಗಳ ಕಚೇರಿಯಲ್ಲಿ ಹೆಣ್ಣುಮಕ್ಕಳಿಗೆ, ಸಣ್ಣ ಸಮುದಾಯದವರಿಗೆ ಟಿಕೆಟ್ ತಪ್ಪಿಸುವಾಗ ಇಂದಿಗೂ ಬಳಕೆಯಲ್ಲಿರುವ ಕುದುರೆ ಇದೇ. ಫ್ರೆಡರಿಕ್ ಫೋರ್ಡ್ ಎಂಬ ಇನ್ನೊಬ್ಬ ಲಿಬರಲ್ ಪ್ರತಿಸ್ಪರ್ಧಿಯಾಗಿ ಎದ್ದು ನಿಂತು, ಕಡೇ ಘಳಿಗೆಯವರೆಗೂ ಕಣದಲ್ಲಿದ್ದು ಮತ ಒಡೆಯುವ ಭಯ ಹುಟ್ಟಿಸಿ, ಚುನಾವಣೆ ಬಾಗಿಲಿಗೆ ಬಂದಾಗ ಹಿಂದೆ ಸರಿದರು.

ಫಿನ್ಸ್‌ಬರಿಯ ಕ್ಲಾರ್ಕನ್‌ವೆಲ್ ಓಣಿಗಳು ಗಡಿಯಾರ ಮಾಡುವವರು, ಅಕ್ಕಸಾಲಿಗರು, ಮುದ್ರಣದ ಕೆಲಸಗಾರರು ಇದ್ದ ಜಾಗ. ಹೆಂಗಸರಿಗೆ ಮತವಿಲ್ಲ, ಗಂಡಸರಲ್ಲೂ ಎಲ್ಲರಿಗಿಲ್ಲ. ಎದುರಾಳಿ ಕ್ಯಾಪ್ಟನ್ ಫ್ರೆಡರಿಕ್ ಪೆಂಟನ್ ಅದೇ ಸೀಮೆಯ ಜಮೀನ್ದಾರ ಮನೆತನದವರು, ಪೆಂಟನ್‌ವಿಲ್ ಎಂಬ ಬಡಾವಣೆಗೇ ಅವರ ಮನೆತನದ ಹೆಸರು. ದಾದಾಭಾಯಿ ನಾಲ್ಕು ವರ್ಷ ಆ ಓಣಿಗಳನ್ನು ಸುತ್ತಿದರು. ಇಂಡಿಯಾ ಇಂಡಿಯಾ ಅಂತಷ್ಟೇ ಹೇಳಿದರೆ ಗಡಿಯಾರದ ಕೆಲಸಗಾರ ಯಾಕೆ ಕೇಳುತ್ತಾನೆ? ಎಂಟು ತಾಸಿನ ದುಡಿಮೆ, ಐರ್ಲೆಂಡಿಗೆ ಸ್ವಯಮಾಡಳಿತ, ಲಂಡನ್ನಿನ ನಗರಾಡಳಿತ, ಹೆಂಗಸರಿಗೆ ಮತದ ಹಕ್ಕು, ಎಲ್ಲದರ ಬಗ್ಗೆ ಮಾತಾಡಿದರು. ಫ್ಲಾರೆನ್ಸ್ ನೈಟಿಂಗೇಲ್ ಬೆಂಬಲ ಸೂಚಿಸಿದರು. ಆಗ ಸಂಸದರಿಗೆ ಸಂಬಳವಿರಲಿಲ್ಲ, ಅದು ಬಂದದ್ದು 1911ರಲ್ಲಿ. ಹಾಗಾಗಿ ಖರ್ಚಿಗೆ ಕೈಯಿಂದ ಹಾಕಿಕೊಂಡದ್ದಲ್ಲದೆ ಕೆಲವು ದೇಶೀ ಸಂಸ್ಥಾನಿಕರ ನೆರವೂ ಬೇಕಾಯಿತು. ಇಲ್ಲಿ ನನಗೊಂದು ಕಸಿವಿಸಿ ಇದೆ. ರೈತನ 20 ರೂಪಾಯಿಯ ಲೆಕ್ಕ ಹೇಳಲು ಹೊರಟವನ ಚುನಾವಣೆಗೆ ಅದೇ ರೈತನ ಕಂದಾಯ ತಿನ್ನುವ ರಾಜರ ಹಣ. ಬೇರೆ ದಾರಿ ಇತ್ತೇ ಅಂದರೆ, ಇರಲಿಲ್ಲ. ಕಸಿವಿಸಿ ಹೋಗುವುದಿಲ್ಲ.

ಎಣಿಕೆಯ ದಿನ ಮೂರು, ಐದು ಎಂಬ ಎರಡು ಅಂತರಗಳು ಓಡಾಡಿದವು. ಮರುಎಣಿಕೆಯಾಗಿ ಕೊನೆಗೆ ಉಳಿದದ್ದು 2,961ಕ್ಕೆ 2,956. ಪೆಂಟನ್ ಚುನಾವಣಾ ತಕರಾರು ಅರ್ಜಿ ಹಾಕಿ, ಆಮೇಲೆ ಹಿಂದಕ್ಕೆ ಪಡೆದರು. ನೌರೋಜಿ ಅನ್ನೋ ಹೆಸರು ಉಚ್ಚರಿಸಲು ಒದ್ದಾಡುತ್ತಿದ್ದ ಲಂಡನ್ನಿನ ಜನ ಅದನ್ನು ತಿರುಚಿ ನ್ಯಾರೋ ಮೆಜಾರಿಟಿ ಅಂತ ಅಡ್ಡಹೆಸರಿಟ್ಟರು. ಅರವತ್ತಾರು ವರ್ಷದ ಮುದುಕ ಅವೆಸ್ತಾ ಹಿಡಿದು ಪ್ರಮಾಣವಚನ ಸ್ವೀಕರಿಸಿದರು. ಅದೇ ಆಗಸ್ಟ್ 9ರಂದು ಮಾಡಿದ ಮೊದಲ ಭಾಷಣದಲ್ಲಿ ಫಿನ್ಸ್‌ಬರಿಯ ಮತದಾರರಿಗೆ ಋಣ ಹೇಳಿದರು.

ಐದು ಮತದಿಂದ ಏನಾಯಿತು? 1893ರ ಜೂನ್ 2ರಂದು, ಐಸಿಎಸ್ ಪರೀಕ್ಷೆಯನ್ನು ಇಂಗ್ಲೆಂಡ್ ಮತ್ತು ಇಂಡಿಯಾ ಎರಡೂ ಕಡೆ ಏಕಕಾಲಕ್ಕೆ ನಡೆಸಬೇಕೆಂಬ ಹರ್ಬರ್ಟ್ ಪಾಲ್ ಅವರ ನಿರ್ಣಯ ಕಾಮನ್ಸ್ ಸಭೆಯಲ್ಲಿ 84ಕ್ಕೆ 76 ಮತಗಳಿಂದ ಪಾಸಾಯಿತು. ಅದರ ಹಿಂದಿನ ಬಲ ದಾದಾಭಾಯಿ. ಧಾರವಾಡದ ಹುಡುಗನೊಬ್ಬ ಕಲೆಕ್ಟರ್ ಆಗಬೇಕಾದರೆ ಸಮುದ್ರ ದಾಟಿ, ಸಾವಿರಾರು ರೂಪಾಯಿ ಸುರಿದು, ಪರದೇಶದಲ್ಲಿ ಕೂತು ಪರೀಕ್ಷೆ ಬರೆಯಬೇಕಿದ್ದ ಕಾಲ ಅದು. ಅರ್ಹತೆ ಎಲ್ಲರಿಗೂ ಸಮಾನ, ಪರೀಕ್ಷಾ ಕೇಂದ್ರ ಮಾತ್ರ ಲಂಡನ್. ರೈಲ್ವೆ, ಬ್ಯಾಂಕ್ ಪರೀಕ್ಷೆ ಯಾವ ಭಾಷೆಯಲ್ಲಿರಬೇಕು ಅಂತ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವ ಹುಬ್ಬಳ್ಳಿಯಲ್ಲಿ ನಾವು ಕೂಗುವಾಗ ಕೇಳಬೇಕಾದ ಪ್ರಶ್ನೆಯ ಅಜ್ಜ ಇದು. ನಿರ್ಣಯ ಪಾಸಾಯಿತೇ ಹೊರತು ಸರ್ಕಾರ ಜಾರಿ ಮಾಡಲಿಲ್ಲ. ಇಂಡಿಯಾದಲ್ಲಿ ಐಸಿಎಸ್ ಪರೀಕ್ಷೆ ಮೊದಲು ನಡೆದದ್ದು 1922ರಲ್ಲಿ, ಅಲಹಾಬಾದಿನಲ್ಲಿ.

ಅದೇ 1893ರಲ್ಲಿ ಒಬ್ಬನೇ ಮಗ ಅರ್ದೇಶಿರ್ ತೀರಿಕೊಂಡ. ಕಚ್ಛದಲ್ಲಿ ವೈದ್ಯನಾಗಿದ್ದ. ಅಪ್ಪ ಲಂಡನ್ನಿನಲ್ಲಿದ್ದರು. ವರ್ಷದ ಕೊನೆಗೆ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷತೆಗೆ ಬಂದಾಗ ಮುಂಬೈಯಲ್ಲಿ ಜನಸಾಗರ ಸೇರಿ ಮೆರವಣಿಗೆ ಮಾಡಿತು. ಆ ಮೆರವಣಿಗೆಯ ವರ್ಣನೆಗಳಲ್ಲಿ ಹಾರ, ತೋರಣ, ಜಯಕಾರ ಇವೆ. ಗುಲ್‌ಬಾಯಿ ಅಂದು ಹೇಗಿದ್ದಳು ಅಂತ ನಾನು ಹುಡುಕುತ್ತಿದ್ದೆ. ಏಳನೇ ವಯಸ್ಸಿನಿಂದ ಈ ಮನುಷ್ಯನ ಹೆಂಡತಿಯಾಗಿ, ಜೀವನದ ಬಹುಭಾಗ ಅವನು ಬೇರೆ ಖಂಡದಲ್ಲಿರುವಾಗ ಮನೆ ನಡೆಸಿದವಳು ಆಕೆ.

1894ರಲ್ಲಿ ದಕ್ಷಿಣ ಆಫ್ರಿಕಾದ ನಟಾಲಿನ ಶಾಸನಸಭೆ ಅಲ್ಲಿನ ಭಾರತೀಯರ ಮತದಾನದ ಹಕ್ಕು ಕಿತ್ತುಕೊಳ್ಳಲು ಮಸೂದೆ ತಂದಿತು. ಅಲ್ಲಿದ್ದ ಇಪ್ಪತ್ನಾಲ್ಕು ವರ್ಷದ ವಕೀಲನೊಬ್ಬ ದಾದಾಭಾಯಿಗೆ ಪತ್ರ ಬರೆದು ಸಹಾಯ ಕೇಳಿದ. ಹೆಸರು ಮೋಹನದಾಸ ಗಾಂಧಿ. ದಾದಾಭಾಯಿ ವಸಾಹತು ಕಚೇರಿಯ ಬಾಗಿಲು ಬಡಿದರು. ಆರಂಭದಲ್ಲಿ ತಡೆಯೂ ಸಿಕ್ಕಿತು, ಆದರೆ ಎರಡು ವರ್ಷದಲ್ಲಿ ನಟಾಲ್ ಬಣ್ಣದ ಹೆಸರೆತ್ತದೆ, ಬೇರೆ ಮಾತುಗಳಲ್ಲಿ ಅದೇ ಕೆಲಸ ಮಾಡುವ ಕಾನೂನು ತಂದಿತು.

ಇಲ್ಲಿ ವಿಲಿಯಂ ವೆಡ್ಡರ್‌ಬರ್ನ್ ಅವರನ್ನೂ ಹೇಳಬೇಕು. 1860ರಲ್ಲಿ ಐಸಿಎಸ್ ಸೇರಿ ಇಂಡಿಯಾಕ್ಕೆ ಬಂದ ಈ ಸ್ಕಾಟಿಷ್ ಅಧಿಕಾರಿಯ ಮೊದಲ ಪೋಸ್ಟಿಂಗ್ ನಮ್ಮ ಧಾರವಾಡ, ಸಹಾಯಕ ಕಲೆಕ್ಟರ್ ಆಗಿ. ರೈತರ ಸಾಲದ ಸಮಸ್ಯೆಯನ್ನೇ ಹಿಡಿದು ಕೂತ ಅಪರೂಪದ ಅಧಿಕಾರಿ. ಪಿಂಚಣಿ ಪಡೆದ ಮೇಲೆ 1889ರಲ್ಲಿ ಕಾಂಗ್ರೆಸ್ ಅಧ್ಯಕ್ಷ, 1893ರಿಂದ ಕಾಮನ್ಸ್ ಸಭೆಯಲ್ಲಿ ದಾದಾಭಾಯಿಯ ಪಕ್ಕದ ಸಂಗಾತಿ. ಇಂಡಿಯಾದ ಖರ್ಚುವೆಚ್ಚ ಪರಿಶೀಲಿಸಲು 1895ರಲ್ಲಿ ನೇಮಕವಾದ ವೆಲ್ಬಿ ಆಯೋಗದಲ್ಲಿ ಇಬ್ಬರೂ ಕೂತರು, ಬಹುಮತದ ವರದಿಗೆ ಒಪ್ಪದೆ ಡಬ್ಲ್ಯು. ಎಸ್. ಕೇನ್ ಜೊತೆ ಸೇರಿ ಬೇರೆ ಟಿಪ್ಪಣಿ ಕೊಟ್ಟರು. ವರ್ಷಾನುಗಟ್ಟಲೆ ಪ್ರಾಧ್ಯಾಪಕನಂತೆ ಹೇಳಿದ್ದ ಸೋರಿಕೆಯ ಲೆಕ್ಕ ಆಯೋಗದ ಕಡತಕ್ಕೆ ಹತ್ತಿತು.

1895ರ ಚುನಾವಣೆಯಲ್ಲಿ ಲಿಬರಲ್ ಪಕ್ಷವೇ ನೆಲಕಚ್ಚಿತು. ದಾದಾಭಾಯಿ ಸುಮಾರು ಎಂಟುನೂರು ಮತಗಳಿಂದ ಸೋತರು. ಅದೇ ಚುನಾವಣೆಯಲ್ಲಿ ಲಂಡನ್ನಿನ ಇನ್ನೊಂದು ಮೂಲೆ, ಬೆತ್ನಲ್ ಗ್ರೀನ್‌ನಲ್ಲಿ ಇನ್ನೊಬ್ಬ ಪಾರ್ಸಿ ಗೆದ್ದರು: ಮಂಚೇರ್ಜಿ ಭಾವನಗರಿ. ಯಾವ ಪಕ್ಷ? ಸಾಲಿಸ್‌ಬರಿಯ ಕನ್ಸರ್ವೇಟಿವ್ ಪಕ್ಷ! ಭಾವನಗರಿ ಕಾಂಗ್ರೆಸ್ಸನ್ನು ವಿರೋಧಿಸುತ್ತಿದ್ದರು, ಬ್ರಿಟಿಷ್ ಆಡಳಿತವನ್ನು ಹೊಗಳುತ್ತಿದ್ದರು. ಇಂಗ್ಲಿಷ್ ಮತದಾರ ಕರಿಯನನ್ನು ಆರಿಸುವುದಿಲ್ಲ ಎಂಬ ಏಳು ವರ್ಷದ ಹಿಂದಿನ ಗಣಿತವನ್ನು ಆ ಪಕ್ಷ ಯಾವ ಸಂಕೋಚವೂ ಇಲ್ಲದೆ ಮರೆತಿತು. ಬೇಕಾದದ್ದು ಬಣ್ಣ ಬೇರೆಯಿದ್ದೂ ಮಾತು ತಮ್ಮದೇ ಆಡುವ ಒಬ್ಬ ಮನುಷ್ಯ. ಮೀಸಲು ಕ್ಷೇತ್ರಗಳಲ್ಲಿ ಯಾವ ದಲಿತ ನಾಯಕನಿಗೆ ಟಿಕೆಟ್ ಸಿಗುತ್ತದೆ, ಯಾರಿಗೆ ತಪ್ಪುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದವರಿಗೆ ಇದರಲ್ಲಿ ಬಿಡಿಸಿ ಹೇಳುವಂಥದ್ದೇನಿಲ್ಲ.

ಸೋತ ಮೇಲೆ ದಾದಾಭಾಯಿ ತಣ್ಣಗಾಗಲಿಲ್ಲ, ಬಿಸಿಯಾದರು. ಸಾಮಾನ್ಯವಾಗಿ ವಯಸ್ಸಾದಂತೆ ಮನುಷ್ಯ ಮೆತ್ತಗಾಗುತ್ತಾನೆ, ಇವರದು ಉಲ್ಟಾ. 1901ರಲ್ಲಿ ಬಂದ ದಪ್ಪ ಪುಸ್ತಕದ ಹೆಸರಿನಲ್ಲೇ ಇಂಡಿಯಾದ ಆಡಳಿತ ಬ್ರಿಟಿಷ್ ಗುಣಕ್ಕೆ ತಕ್ಕದ್ದಲ್ಲ ಎಂಬ ಆರೋಪ ಇತ್ತು. 1904ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ನಡೆದ ಸಮಾಜವಾದಿಗಳ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಹೋಗಿ ಮಾತಾಡಿದರು. 1906ರ ಆರಂಭದಲ್ಲಿ, ಎಂಬತ್ತನೇ ವಯಸ್ಸಿನಲ್ಲಿ, ನಾರ್ತ್ ಲ್ಯಾಂಬೆತ್‌ನಲ್ಲಿ ಮತ್ತೆ ಚುನಾವಣೆಗೆ ನಿಂತರು. ಈ ಸಲ ಅಧಿಕೃತ ಲಿಬರಲ್ ಅಭ್ಯರ್ಥಿ ಬೇರೆಯವರು. ದೇಶದಲ್ಲೆಲ್ಲ ಲಿಬರಲ್ ಅಲೆ ಎದ್ದಿದ್ದರೂ ದಾದಾಭಾಯಿ ಕೆಟ್ಟದಾಗಿ ಸೋತರು.

ಅದೇ ವರ್ಷದ ಡಿಸೆಂಬರಿನಲ್ಲಿ ಕಲ್ಕತ್ತಾ ಕಾಂಗ್ರೆಸ್. ಬಂಗಾಳ ವಿಭಜನೆಯ ಸಿಟ್ಟು ಕುದಿಯುತ್ತಿತ್ತು. ಮಂದಗಾಮಿ, ತೀವ್ರಗಾಮಿ ಎರಡೂ ಬಣ ಒಪ್ಪುವ ಹೆಸರು ಒಂದೇ ಉಳಿದಿತ್ತು. ಮೂರನೇ ಸಲ ಅಧ್ಯಕ್ಷರಾದ ದಾದಾಭಾಯಿಯ ದನಿ ಕುಗ್ಗಿತ್ತು, ಭಾಷಣದ ಬಹುಭಾಗವನ್ನು ಗೋಪಾಲಕೃಷ್ಣ ಗೋಖಲೆ ಓದಿದರು. ಅದರಲ್ಲಿ ಸ್ವರಾಜ್ಯ ಎಂಬ ಗುರಿಯನ್ನು ಕಾಂಗ್ರೆಸ್ಸಿನ ಅಧ್ಯಕ್ಷ ಪೀಠದಿಂದ ಮುಂದಿಡಲಾಯಿತು.

1907ರಲ್ಲಿ ಇಂಗ್ಲೆಂಡ್ ಬಿಟ್ಟು ಬಂದು ಮುಂಬೈ ಹತ್ತಿರದ ವರ್ಸೋವಾದಲ್ಲಿ ಸಮುದ್ರದ ಪಕ್ಕ ಇದ್ದರು. 1909ರಲ್ಲಿ ಗುಲ್‌ಬಾಯಿ ಹೋದಳು. 1917ರ ಜೂನ್ 30ರಂದು ದಾದಾಭಾಯಿ. ಅರ್ದೇಶಿರ್‌ನ ಹೆಣ್ಣುಮಕ್ಕಳು, ಗೋಶಿ, ಪೆರಿನ್, ಖುರ್ಷೆದ್, ಮುಂದೆ ಖಾದಿ ಉಟ್ಟು ಗಾಂಧಿ ಚಳವಳಿಗೆ ಇಳಿದರು.

ಏನನ್ನೂ ಎಸೆಯದ ಮನುಷ್ಯ ಅವರು. ಬಂದ ಪತ್ರ, ಬರೆದ ಪತ್ರದ ನಕಲು, ರಸೀದಿ, ಬಿಲ್ಲು ಎಲ್ಲ ಕಟ್ಟಿಟ್ಟರು. ಸಾವಿರಾರು ಕಾಗದ ಈಗ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ವೈಸ್‌ರಾಯ್, ಗಾಂಧಿ, ಗೋಖಲೆಯವರ ಕಾಲದ ರಾಜಕೀಯದ ನಡುವೆಯೇ ಫಿನ್ಸ್‌ಬರಿಯ ಮತದಾರರೂ ಇದ್ದಾರೆ, ತಮ್ಮ ಸಂಘಕ್ಕೆ ಚಂದಾ ಕೊಡಿ ಅನ್ನುವವರು, ಒಂದು ಕೆಲಸ ಕೊಡಿಸಿ ಅನ್ನುವವರು. ಕ್ಲಾರ್ಕನ್‌ವೆಲ್‌ನಲ್ಲಿ ಈಗ ನೌರೋಜಿ ಸ್ಟ್ರೀಟ್ ಅಂತ ಒಂದು ಬೀದಿ ಇದೆ. ಅಲ್ಲಿಂದ ಸ್ವಲ್ಪ ನಡೆದರೆ ಪೆಂಟನ್ ಸ್ಟ್ರೀಟ್.